ಬೆಂಗಳೂರಿಗೆ ಬಂದ ಶಿಕ್ಷಕರಿಗೆ ತಾತ್ಕಾಲಿಕ ಪಾಠದ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯವರಿಗೆ ವರ್ಗವಾಯಿತೆಂದೋ, ಮಕ್ಕಳ ಓದಿಗೆಂದೋ, ಹಿರಿಯರ ಚಿಕಿತ್ಸೆಗೆಂದೋ ಊರು ಬಿಟ್ಟು ಬೆಂಗಳೂರಿಗೆ ಬರುವ ಶಿಕ್ಷಕರು ತುಂಬಾ ಇದ್ದಾರೆ. ಕಾಯಂ ಕೆಲಸ ಸಿಗುವವರೆಗೆ ಬದಲಿ ಶಿಕ್ಷಕರಾಗಿ, ಅತಿಥಿ ಶಿಕ್ಷಕರಾಗಿ ದುಡಿಯೋಣ ಎಂದುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು, ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಕೆಲಸದ ಬಗೆ, ಅರ್ಹತೆ, ಕಾಗದಪತ್ರ

ಯಾರೋ ಒಂದೆರಡು ದಿನ ರಜೆ ಹಾಕಿದ್ರೆ ಅಷ್ಟಕ್ಕೆ ಮಾತ್ರ ಕರೆಯೋ ಶಾಲೆಗಳು ಇದಾವಾ? ದಿನದ ಲೆಕ್ಕದಲ್ಲಿ ದುಡ್ಡು ಕೊಡ್ತಾರಾ?

ಬಹಳ ಕಡಿಮೆ. ಒಂದೆರಡು ದಿನದ ರಜೆಯನ್ನು ಶಾಲೆಗಳು ಒಳಗೊಳಗೇ ಸರಿದೂಗಿಸಿಕೊಳ್ಳುತ್ತವೆ. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಸಬ್‌ಸ್ಟಿಟ್ಯೂಷನ್ ಪಟ್ಟಿ ಹಾಕುತ್ತಾರೆ, ಫ್ರೀ ಪೀರಿಯಡ್ ಇದ್ದವರು ಆ ತರಗತಿಗೆ ಹೋಗುತ್ತಾರೆ. ಹೊರಗಿನವರನ್ನು ಕರೆಯುವ ಮಾತು ಬರುವುದು ರಜೆ ಕೆಲವು ವಾರ ದಾಟುತ್ತದೆ ಎಂದಾಗ.

ಹಾಗಾಗಿ ನೀವು ಹುಡುಕಬೇಕಾದದ್ದು ಬೇರೆ. ಖಾಸಗಿ ಶಾಲೆಗಳ 'ಲೀವ್ ವೇಕೆನ್ಸಿ', ಅಂದರೆ ಹೆರಿಗೆ ರಜೆ ಅಥವಾ ದೀರ್ಘ ಅನಾರೋಗ್ಯದ ರಜೆಗೆ ಬದಲಿ. ವರ್ಷದ ನಡುವೆ ಯಾರಾದರೂ ಬಿಟ್ಟುಹೋದ ಜಾಗ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಹುದ್ದೆ. ಕೇಂದ್ರೀಯ ವಿದ್ಯಾಲಯಗಳ ಗುತ್ತಿಗೆ ಹುದ್ದೆ. ನಾಲ್ಕಕ್ಕೂ ದಾರಿ ಬೇರೆ, ಕಾಲ ಬೇರೆ, ಕೇಳುವ ಅರ್ಹತೆಯೂ ಬೇರೆ.

ನಂದು ಬಿ.ಇಡಿ ಆಗಿದೆ, ಒಂದನೇ ಕ್ಲಾಸಿಂದ ಹತ್ತರವರೆಗೂ ಎಲ್ಲಿ ಬೇಕಾದ್ರೂ ಹೇಳಿಕೊಡಬಹುದಲ್ವಾ?

ಇಲ್ಲ. 1ರಿಂದ 5ನೇ ತರಗತಿಗೆ ಬೇಕಾದದ್ದು ಡಿ.ಎಲ್.ಇಡಿ (ಹಿಂದಿನ ಡಿ.ಇಡಿ) ಮತ್ತು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಪತ್ರಿಕೆ 1. ಬಿ.ಇಡಿ ಆದವರೂ ಈ ತರಗತಿಗಳಿಗೆ ಅರ್ಹರು ಎಂದು 2018ರಲ್ಲಿ ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಹೊರಡಿಸಿದ್ದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರ ತೀರ್ಪಿನಲ್ಲಿ ಒಪ್ಪಲಿಲ್ಲ. 6ರಿಂದ 8ಕ್ಕೆ ಪದವಿ, ಅದರ ಜೊತೆ ಬಿ.ಇಡಿ ಅಥವಾ ಡಿ.ಎಲ್.ಇಡಿ, ಮತ್ತು ಟಿಇಟಿ ಪತ್ರಿಕೆ 2. 9 ಮತ್ತು 10ಕ್ಕೆ ಆ ವಿಷಯದಲ್ಲಿ ಪದವಿ ಮತ್ತು ಬಿ.ಇಡಿ. ಪಿಯುಗೆ ಸ್ನಾತಕೋತ್ತರ ಪದವಿಯೂ ಬೇಕು.

ಸಣ್ಣ ಖಾಸಗಿ ಶಾಲೆಗಳು ನಾಲ್ಕು ತಿಂಗಳ ಬದಲಿ ಕೆಲಸಕ್ಕೆ ಇಷ್ಟೊಂದು ಕಟ್ಟುನಿಟ್ಟು ಮಾಡುವುದಿಲ್ಲ ಎಂಬುದು ನಿಜ. ಆದರೆ ಅರ್ಹತೆ ಇಲ್ಲದ ತರಗತಿಯಲ್ಲಿ ಮಾಡಿದ ಸೇವೆಯನ್ನು ಮುಂದೆ ಅನುಭವವೆಂದು ತೋರಿಸಲು ಹೋದಾಗ ಪ್ರಶ್ನೆ ಏಳುತ್ತದೆ. ಸಾಧ್ಯವಾದಷ್ಟು ನಿಮ್ಮ ಅರ್ಹತೆಯ ತರಗತಿಗೇ ಒಪ್ಪಿಕೊಳ್ಳಿ.

ಟಿಇಟಿ ಪಾಸಾಗಿ ಎಂಟು ವರ್ಷ ಆಯ್ತು. ಮತ್ತೆ ಬರೀಬೇಕಾ?

ಬೇಡ. ಮೊದಲು ಅದಕ್ಕೆ 7 ವರ್ಷದ ಅವಧಿ ಇತ್ತು. 2021ರಲ್ಲಿ ಅದನ್ನು ಆಜೀವ ಮಾನ್ಯ ಮಾಡಿದರು, 2011ರಿಂದಲೇ ಪೂರ್ವಾನ್ವಯವಾಗಿ. ಪ್ರಮಾಣಪತ್ರ ಕಳೆದಿದ್ದರೆ ಮಾತ್ರ ನಕಲು ಪಡೆಯಿರಿ.

ಇನ್ನೂ ಬರೆಯದವರು ಇನ್ನು ಮುಂದೂಡಬೇಡಿ. ಈಗಾಗಲೇ ಸೇವೆಯಲ್ಲಿರುವ, ನಿವೃತ್ತಿಗೆ 5 ವರ್ಷಕ್ಕಿಂತ ಹೆಚ್ಚು ಬಾಕಿ ಇರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿದೆ. ಆಮೇಲೆ ಖಾಸಗಿ ಶಾಲೆಗಳಿಗೂ ಇದನ್ನು ಕಡೆಗಣಿಸುವುದು ಕಷ್ಟ. ಪರೀಕ್ಷೆ 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಯಾವ್ಯಾವ ಕಾಗದ ಇಟ್ಕೊಂಡು ಹೊರಡಬೇಕು?

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಪದವಿಯ ಎಲ್ಲಾ ಸೆಮಿಸ್ಟರುಗಳ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರ, ಡಿ.ಇಡಿ ಅಥವಾ ಬಿ.ಇಡಿ ದಾಖಲೆ, ಟಿಇಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹಿಂದಿನ ಶಾಲೆಯ ಅನುಭವ ಪ್ರಮಾಣಪತ್ರ, ರಿಲೀವಿಂಗ್ ಲೆಟರ್. ಅತಿಥಿ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವುದಾದರೆ ಜಾತಿ ಪ್ರಮಾಣಪತ್ರವೂ ಇರಲಿ. ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಪ್ರತಿ ಹಾಳೆಗೂ ಸ್ವಯಂ ದೃಢೀಕರಣದ ಸಹಿ ಹಾಕಿ, ಒಂದೇ ಪಿಡಿಎಫ್ ಮಾಡಿ ಫೋನಿನಲ್ಲೂ ಇಟ್ಟುಕೊಳ್ಳಿ.

ಎಡವುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ತಂದೆಯ ಇನಿಶಿಯಲ್, ಆಧಾರಿನಲ್ಲಿ ಗಂಡನ ಹೆಸರು, ಪ್ಯಾನಿನಲ್ಲಿ ಇನ್ನೊಂದು. ಶಾಲೆ ಸಂಬಳದ ಖಾತೆ ತೆರೆಯುವಾಗ, ಪಿಎಫ್ ನೋಂದಾಯಿಸುವಾಗ ಇದು ತೊಡಕಾಗಿ ಮೊದಲ ತಿಂಗಳ ಸಂಬಳವೇ ನಿಲ್ಲುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ತಿದ್ದಿಸಿ. ಅಷ್ಟು ಸಮಯವಿಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿಡಿ.

ನಗರದ ಅನೇಕ ಶಾಲೆಗಳು ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಕೇಳುತ್ತವೆ. ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು. ಈಗಿನ ಮನೆಯ ವಿಳಾಸಕ್ಕೆ ಪುರಾವೆ ಬೇಕಾಗುವುದರಿಂದ ಬಾಡಿಗೆ ಕರಾರು ಕೈಗೆ ಬಂದ ದಿನವೇ ಶುರು ಮಾಡಿ, ಕೆಲಸ ಸಿಕ್ಕ ಮೇಲೆ ನೋಡೋಣ ಎನ್ನಬೇಡಿ.

ಮನೆ ಮೊದಲು ಮಾಡೋದಾ, ಕೆಲಸ ನೋಡ್ಕೊಂಡು ಮನೆ ಮಾಡೋದಾ?

ತಾತ್ಕಾಲಿಕ ಕೆಲಸಕ್ಕಾದರೆ ಮನೆಯೇ ಮೊದಲು. ನಾಲ್ಕು ತಿಂಗಳಿಗೆ ಮುಗಿಯುವ ಕೆಲಸಕ್ಕಾಗಿ ಹತ್ತು ತಿಂಗಳ ಮುಂಗಡ ಕೊಟ್ಟು ಮನೆ ಮಾಡುವುದು ಬುದ್ಧಿಯಲ್ಲ. ಮನೆಯಿಂದ 5 ಕಿ.ಮೀ. ಸುತ್ತಳತೆಯಲ್ಲಿರುವ ಶಾಲೆಗಳನ್ನು ನಕಾಶೆಯಲ್ಲಿ ಗುರುತು ಮಾಡಿ, ಅಲ್ಲಿಂದ ಹುಡುಕಾಟ ಶುರುಮಾಡಿ. ಹೆಚ್ಚಿನ ಶಾಲೆಗಳು ಬೆಳಿಗ್ಗೆ 8ರಿಂದ 8.30ರೊಳಗೆ ಶುರುವಾಗುತ್ತವೆ, ಶಿಕ್ಷಕರು ಅದಕ್ಕೂ ಮೊದಲೇ ಅಲ್ಲಿರಬೇಕು. ಬದಲಿಗೆ ಬಂದವರು ತಡವಾದರೆ ಅದನ್ನು ಬೇಗ ಗಮನಿಸುತ್ತಾರೆ.

ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರುವ ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಉಚಿತ, ಎಸಿ ಬಸ್‌ಗೆ ಅನ್ವಯಿಸುವುದಿಲ್ಲ. ಶಾಲೆಯ ವಾಹನ ನಿಮ್ಮ ರಸ್ತೆಗೆ ಬರುತ್ತದೆಯೇ, ಶಿಕ್ಷಕರಿಗೆ ಸೀಟು ಕೊಡುತ್ತಾರೆಯೇ ಎಂದು ಸಂದರ್ಶನದಲ್ಲೇ ಕೇಳಿ.

## ಹುಡುಕುವುದು ಹೇಗೆ

ಜೂನ್ ಮುಗಿದೇ ಹೋಯ್ತು, ಇನ್ನು ಮುಂದಿನ ವರ್ಷವೇನಾ?

ಕಾಯಂ ನೇಮಕಾತಿಯ ಭರಾಟೆ ಮಾರ್ಚ್‌ನಿಂದ ಮೇವರೆಗೆ. ತಾತ್ಕಾಲಿಕ ಕೆಲಸದ ಕಾಲವೇ ಬೇರೆ, ಅದು ಜೂನ್ ಕಳೆದ ಮೇಲೆ ಹೆಚ್ಚು. ಸೇರಿ ಒಂದು ತಿಂಗಳಲ್ಲಿ ಬಿಡುವವರು ಜುಲೈನಲ್ಲಿ ಜಾಗ ಖಾಲಿ ಮಾಡುತ್ತಾರೆ. ದಸರಾ ರಜೆ ಮುಗಿದು ಶಾಲೆ ತೆರೆದಾಗ ಇನ್ನೊಂದಿಷ್ಟು ಜನ ಬರುವುದಿಲ್ಲ. ಜನವರಿಯಲ್ಲಿ 9, 10ನೇ ತರಗತಿಯ ಶಿಕ್ಷಕರು ಬಿಟ್ಟರಂತೂ ಶಾಲೆ ಕಂಗಾಲು, ಏಕೆಂದರೆ ಪರೀಕ್ಷೆ ಎದುರಿಗೇ ಇರುತ್ತದೆ.

ಹೆರಿಗೆ ರಜೆಯ ಲೆಕ್ಕ ಗೊತ್ತಿದ್ದರೆ ಅನುಕೂಲ. ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ ಹೆಚ್ಚೆಂದರೆ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಅಂದರೆ ಯಾವ ತಿಂಗಳು ಜಾಗ ಖಾಲಿಯಾಗುತ್ತದೆ ಎಂಬುದು ಶಾಲೆಗೆ ಎರಡು ಮೂರು ತಿಂಗಳು ಮುಂಚೆಯೇ ಗೊತ್ತಿರುತ್ತದೆ. ಆದರೂ ಜಾಹೀರಾತು ಕೊಡುವುದು ಕೊನೆಯ ವಾರದಲ್ಲಿ. ಈ ಎರಡರ ನಡುವಿನ ಅಂತರದಲ್ಲಿ ನಿಮ್ಮ ಹೆಸರು ಅವರ ಬಳಿ ಇದ್ದರೆ ಜಾಹೀರಾತೇ ಹೊರಬರುವುದಿಲ್ಲ. ಆಗಸ್ಟ್‌ನಲ್ಲಿ ಶುರುವಾದ ರಜೆ ಜನವರಿ ಕೊನೆಗೆ ಮುಗಿದರೂ, ಮಕ್ಕಳಿಗೆ ಮತ್ತೆ ಶಿಕ್ಷಕರು ಬದಲಾಗುವುದು ಬೇಡವೆಂದು ಬದಲಿಯವರನ್ನೇ ಮಾರ್ಚ್‌ವರೆಗೆ ಉಳಿಸಿಕೊಳ್ಳುವುದೂ ಉಂಟು.

ಶಾಲೆ ಗೇಟಿಗೆ ಹೋದ್ರೆ ಸೆಕ್ಯೂರಿಟಿಯವರೇ ಒಳಗೆ ಬಿಡಲ್ಲ. ಯಾರನ್ನ, ಹೇಗೆ ಕೇಳೋದು?

ಗೇಟಿನಲ್ಲಿ 'ಕೆಲಸ ಇದೆಯಾ' ಎಂದರೆ 'ಇಲ್ಲ' ಎಂಬುದೇ ಉತ್ತರ. 'ರೆಸ್ಯೂಮೆ ಕೊಡಬೇಕಿತ್ತು, ಫ್ರಂಟ್ ಆಫೀಸಿನಲ್ಲಿ ಕೊಟ್ಟು ಹೋಗುತ್ತೇನೆ' ಎಂದರೆ ಸಾಮಾನ್ಯವಾಗಿ ಬಿಡುತ್ತಾರೆ. ಹೋಗುವುದು 10.30ರಿಂದ 12ರ ನಡುವೆ ಒಳ್ಳೆಯದು. ಬೆಳಿಗ್ಗೆ ಪ್ರಾರ್ಥನೆ, ತಡವಾಗಿ ಬಂದ ಮಕ್ಕಳು. ಮಧ್ಯಾಹ್ನದ ಮೇಲೆ ಬಸ್ಸು, ಪೋಷಕರು. ಸೋಮವಾರ ಬೇಡ, ಪರೀಕ್ಷೆಯ ವಾರವೂ ಬೇಡ. ಪ್ರಿನ್ಸಿಪಾಲರಿಗಿಂತ ಅಕಾಡೆಮಿಕ್ ಕೋ–ಆರ್ಡಿನೇಟರ್ ಹೆಸರು, ಇಮೇಲ್ ಕೇಳಿ ಪಡೆಯಿರಿ. ಟೈಮ್‌ಟೇಬಲ್ಲಿನ ತೂತು ಮುಚ್ಚಬೇಕಾದವರು ಅವರೇ.

ಅದೇ ಸಂಜೆ ಒಂದು ಸಣ್ಣ ಸಂದೇಶ ಕಳಿಸಿ. ಉದ್ದನೆಯ ಪರಿಚಯ ಯಾರೂ ಓದುವುದಿಲ್ಲ. ಹೀಗಿದ್ದರೆ ಸಾಕು:

'ನಮಸ್ತೆ ಮೇಡಂ. ನಾನು ಗಣಿತ, ವಿಜ್ಞಾನ ಶಿಕ್ಷಕಿ. ಬಿ.ಎಸ್ಸಿ, ಬಿ.ಇಡಿ, ಟಿಇಟಿ ಪತ್ರಿಕೆ 2 ಆಗಿದೆ. ಹಾಸನದಲ್ಲಿ 6ರಿಂದ 10ನೇ ತರಗತಿಗೆ ಆರು ವರ್ಷ ಪಾಠ ಮಾಡಿದ್ದೇನೆ. ಈಗ ನಾಗರಬಾವಿಯಲ್ಲಿದ್ದೇನೆ, ನಿಮ್ಮ ಶಾಲೆಗೆ 3 ಕಿ.ಮೀ. ಹೆರಿಗೆ ರಜೆಯ ಬದಲಿಗೆ ಅಥವಾ ವರ್ಷದ ನಡುವಿನ ಖಾಲಿ ಜಾಗಕ್ಕೆ ಮೂರು ದಿನದಲ್ಲಿ ಸೇರಬಲ್ಲೆ. ಡೆಮೊಗೆ ಯಾವ ದಿನ ಕರೆದರೂ ಬರುತ್ತೇನೆ.'

ವಿಷಯ, ತರಗತಿ, ದೂರ, ಎಷ್ಟು ದಿನದಲ್ಲಿ ಸೇರಬಲ್ಲಿರಿ: ಅವರಿಗೆ ಬೇಕಾದದ್ದು ಈ ನಾಲ್ಕೇ. ಭಾಷೆ ಆ ಶಾಲೆಯ ವ್ಯವಹಾರದ ಭಾಷೆಯಾಗಿರಲಿ, ಸಿಬಿಎಸ್‌ಇ ಶಾಲೆಗಾದರೆ ಇದನ್ನೇ ಇಂಗ್ಲಿಷಿನಲ್ಲಿ ಕಳಿಸಿ. ಆರು ವಾರಕ್ಕೊಮ್ಮೆ ನೆನಪಿಸಿ, ವಾರಕ್ಕೊಮ್ಮೆ ಬೇಡ.

ಕನ್ಸಲ್ಟೆನ್ಸಿಯವರು ರಿಜಿಸ್ಟ್ರೇಷನ್ ಫೀಸ್ ಕೇಳ್ತಿದಾರೆ. ಕಟ್ಲಾ?

ಕಟ್ಟಬೇಡಿ. ಶಿಕ್ಷಕರನ್ನು ಒದಗಿಸಿದ್ದಕ್ಕೆ ಶಾಲೆಯಿಂದ ಹಣ ಪಡೆಯುವ ಸಂಸ್ಥೆಗಳಿವೆ, ಅಂಥವರಲ್ಲಿ ಹೆಸರು ಕೊಡಬಹುದು. ಮೊದಲೇ ನಿಮ್ಮಿಂದ ದುಡ್ಡು ಪಡೆದವರಿಗೆ ನಿಮಗೆ ಕೆಲಸ ಕೊಡಿಸುವ ಅವಸರವಿರುವುದಿಲ್ಲ. ಮೊದಲ ಸಂಬಳದಲ್ಲಿ ಪಾಲು ಕೊಡಬೇಕೆಂಬ ಕರಾರೂ ನಾಲ್ಕು ತಿಂಗಳ ಕೆಲಸಕ್ಕೆ ತುಂಬಾ ದುಬಾರಿ.

ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗೋಕೆ ಎಲ್ಲಿ ಅರ್ಜಿ ಹಾಕಬೇಕು? ಆನ್‌ಲೈನಾ?

ನೇರ ಶಾಲೆಗೇ ಹೋಗಬೇಕು. ಖಾಲಿ ಹುದ್ದೆಗಳಿಗೆ ಪ್ರತಿವರ್ಷ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ ತಾಲ್ಲೂಕುವಾರು ಸಂಖ್ಯೆ ಹಂಚುತ್ತದೆ. ಯಾವ ಶಾಲೆಯಲ್ಲಿ ಯಾವ ವಿಷಯ ಖಾಲಿ ಎಂಬ ಪಟ್ಟಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿರುತ್ತದೆ. ಬೆಂಗಳೂರು ನಗರ ಇಲಾಖೆಯ ಮಟ್ಟಿಗೆ ಉತ್ತರ, ದಕ್ಷಿಣ ಎಂದು ಎರಡು ಶೈಕ್ಷಣಿಕ ಜಿಲ್ಲೆ, ಅದರೊಳಗೆ ವಲಯಗಳು. ನಿಮ್ಮ ಮನೆ ಯಾವ ವಲಯಕ್ಕೆ ಬರುತ್ತದೆ ಎಂದು ಹತ್ತಿರದ ಸರ್ಕಾರಿ ಶಾಲೆಯ ಎಚ್‌ಎಂ ಅವರನ್ನೇ ಕೇಳಿ.

ಅರ್ಜಿ ಕೊಡುವುದು ಮುಖ್ಯ ಶಿಕ್ಷಕರಿಗೆ. ಅಂಕಗಳ ಆಧಾರದ ಮೇಲೆ ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜೊತೆ ಸೇರಿ ಅವರು ಆಯ್ಕೆ ಮಾಡುತ್ತಾರೆ, ಬಿಇಒ ಕಚೇರಿಯಿಂದ ಅನುಮೋದನೆ ಬರುತ್ತದೆ. ಸುತ್ತೋಲೆ ಸಾಮಾನ್ಯವಾಗಿ ಶಾಲೆ ತೆರೆಯುವ ಹೊತ್ತಿಗೆ, ಮೇ ಕೊನೆ ಜೂನ್ ಸುಮಾರಿಗೆ ಬರುತ್ತದೆ. ಕಾಯಂ ಶಿಕ್ಷಕರ ವರ್ಗಾವಣೆ ಆದ ಮೇಲೆ ಮತ್ತೆ ಕೆಲವು ಜಾಗ ಹುಟ್ಟಿಕೊಳ್ಳುತ್ತವೆ.

ಗೌರವಧನವನ್ನು 2025–26ನೇ ಸಾಲಿನ ಬಜೆಟ್ಟಿನಲ್ಲಿ 2,000 ರೂ. ಏರಿಸಿದ್ದರಿಂದ ಪ್ರಾಥಮಿಕಕ್ಕೆ ತಿಂಗಳಿಗೆ 12,000, ಪ್ರೌಢಶಾಲೆಗೆ 12,500 ರೂ. ಆಯಿತು. ಇದು ಬೆಂಗಳೂರಿನ ಬಾಡಿಗೆಗೆ ಸಾಲದ ಹಣ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದೂ ತಿಂಗಳು ತಿಂಗಳು ಬರುತ್ತದೆಂಬ ಭರವಸೆಯಿಲ್ಲ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುವುದುಂಟು. ಮನೆಯಲ್ಲಿ ಇನ್ನೊಂದು ಆದಾಯವಿದ್ದರೆ ಮಾತ್ರ ಇದನ್ನು ನೆಚ್ಚಿಕೊಳ್ಳಿ. ಆ ಹುದ್ದೆಗೆ ಕಾಯಂ ಶಿಕ್ಷಕರು ಬಂದ ದಿನವೇ ನಿಮ್ಮ ಕೆಲಸ ಮುಗಿಯುತ್ತದೆ ಎಂಬುದೂ ಗೊತ್ತಿರಲಿ. ಒಂದರಿಂದ ಮೂರನೇ ತರಗತಿ ಕೊಟ್ಟರೆ ಅಲ್ಲಿರುವುದು ಚಟುವಟಿಕೆಯ ಮೂಲಕ ಕಲಿಸುವ ನಲಿ–ಕಲಿ. ಆ ಪದ್ಧತಿಯ ಕಾರ್ಡು, ಏಣಿ, ಗುಂಪು ಗೊತ್ತಿಲ್ಲದಿದ್ದರೆ ಪಕ್ಕದ ತರಗತಿಯವರ ಜೊತೆ ಎರಡು ದಿನ ಕೂತು ನೋಡಿ, ಆಮೇಲೆ ಶುರುಮಾಡಿ.

ಕೇಂದ್ರೀಯ ವಿದ್ಯಾಲಯದ ವಾಕ್–ಇನ್ ಅಂತಾರಲ್ಲ, ಅದೇನು?

ಪ್ರತಿ ಕೆವಿ ಶಾಲೆಯೂ ಬರುವ ಶೈಕ್ಷಣಿಕ ವರ್ಷಕ್ಕೆ ಗುತ್ತಿಗೆ ಶಿಕ್ಷಕರ ಪಟ್ಟಿಯೊಂದನ್ನು ತಯಾರಿಟ್ಟುಕೊಳ್ಳುತ್ತದೆ. ಅದಕ್ಕೆ ಹೆಚ್ಚಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಸಂದರ್ಶನ. ಪ್ರಕಟಣೆ ಆಯಾ ಶಾಲೆಯ ವೆಬ್‌ಸೈಟಿನಲ್ಲೇ ಬರುತ್ತದೆ, ಹಾಗಾಗಿ ಹೆಬ್ಬಾಳ, ಮಲ್ಲೇಶ್ವರ, ಜಾಲಹಳ್ಳಿ, ಯಲಹಂಕ ಎಂದು ಒಂದೊಂದನ್ನೂ ನೋಡಬೇಕು. ಅರ್ಜಿ ನಮೂನೆ ತುಂಬಿ, ಮೂಲ ದಾಖಲೆ ಮತ್ತು ಒಂದು ಸೆಟ್ ನಕಲಿನೊಂದಿಗೆ ಆ ದಿನ ಹೋಗುವುದು. ಕೈಗೆ ಬರುವ ಒಟ್ಟು ಮೊತ್ತ ಪಿಆರ್‌ಟಿಗೆ (ಪ್ರಾಥಮಿಕ ಶಿಕ್ಷಕರು) 21,250, ಟಿಜಿಟಿಗೆ (ಪದವೀಧರ ಶಿಕ್ಷಕರು) 26,250, ಪಿಜಿಟಿಗೆ (ಸ್ನಾತಕೋತ್ತರ ಶಿಕ್ಷಕರು) 27,500 ರೂ. ಎಂದು ಹಲವು ವರ್ಷ ನಡೆದುಬಂದಿತ್ತು, ಈಗಿನ ಮೊತ್ತವನ್ನು ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಪಿಆರ್‌ಟಿ, ಟಿಜಿಟಿಗೆ ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ ಕೇಳುತ್ತಾರೆ. ಹಿಂದಿ, ಇಂಗ್ಲಿಷ್ ಎರಡರಲ್ಲೂ ಪಾಠ ಮಾಡುವ ಸಾಮರ್ಥ್ಯ ನೋಡುತ್ತಾರೆ. ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ ಸಿಕ್ಕಿತೆಂದಲ್ಲ, ಜಾಗ ಖಾಲಿಯಾದಾಗ ಕ್ರಮವಾಗಿ ಕರೆಯುತ್ತಾರೆ. ಕರೆ ಬಂದಾಗ ಫೋನ್ ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತದೆ.

ನಾ ಧಾರವಾಡದಾಕಿ, ಓದಿದ್ದು ಪೂರಾ ಕನ್ನಡ ಮೀಡಿಯಂ. ಬೆಂಗಳೂರಾಗ ಇಂಗ್ಲಿಷ್ ಶಾಲಿಯವರು ತಗೋತಾರೇನ್ರಿ?

ತಗೋತಾರೆ, ಎರಡು ದಾರಿಯಿದೆ.

ಒಂದು, ಕನ್ನಡ ಶಿಕ್ಷಕಿಯಾಗಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಸೇರಿ ರಾಜ್ಯದ ಎಲ್ಲಾ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಕನ್ನಡ ಓದಿದವರು ಕೆಲಸ ಕೇಳಿಕೊಂಡು ಇಂಥ ಶಾಲೆಗಳ ಬಾಗಿಲಿಗೆ ಹೋಗಲು ಹಿಂಜರಿಯುತ್ತಾರೆ, ಅದೇ ಹೊತ್ತಿಗೆ ಕನ್ನಡ ಶಿಕ್ಷಕರು ರಜೆ ಹೋದರೆ ಆ ಶಾಲೆಗಳು ಪರದಾಡುತ್ತವೆ. ನಿಮ್ಮ ಧಾರವಾಡದ ಮಾತು ತೊಡಕಲ್ಲ. ಮನೆಯಲ್ಲಿ ಹಿಂದಿ, ತಮಿಳು, ಬಂಗಾಳಿ ಆಡುವ ಮಕ್ಕಳಿಗೆ ಮೊದಲು ಮಾತು, ಆಮೇಲೆ ಓದು, ಕೊನೆಗೆ ಬರಹ ಎಂಬ ಕ್ರಮದಲ್ಲಿ ಕಲಿಸಬಲ್ಲಿರಾ ಎಂಬುದಷ್ಟೇ ಪ್ರಶ್ನೆ. ಒತ್ತಕ್ಷರದಿಂದ ಶುರುಮಾಡಿದರೆ ಆ ಮಕ್ಕಳು ಎರಡನೇ ವಾರಕ್ಕೇ ಪುಸ್ತಕ ಮುಚ್ಚುತ್ತಾರೆ.

ಇನ್ನೊಂದು, ನಿಮ್ಮ ವಿಷಯದಲ್ಲೇ. ಗಣಿತ, ವಿಜ್ಞಾನ ಕನ್ನಡದಲ್ಲಿ ಓದಿದವರಿಗೆ ತಿಳಿವಳಿಕೆ ಗಟ್ಟಿಯಿರುತ್ತದೆ, ತರಗತಿಯಲ್ಲಿ ಆಡುವ ಇಂಗ್ಲಿಷ್ ವಾಕ್ಯ ಮಾತ್ರ ಬಾಯಿಗೆ ಬರುವುದಿಲ್ಲ. ಅದು ಸೀಮಿತವಾದ ಭಾಷೆ. ಆ ತರಗತಿಯ ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕ ತೆಗೆದುಕೊಂಡು ಒಂದೊಂದು ಅಧ್ಯಾಯವನ್ನೂ ಗಟ್ಟಿಯಾಗಿ ಓದಿ, ಬೋರ್ಡಿನ ಮುಂದೆ ನಿಂತಂತೆ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲಕ್ಕೆ ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮಾಧ್ಯಮ ಶಾಲೆಯನ್ನೇ ಆರಿಸಿಕೊಳ್ಳಿ. ಅಲ್ಲಿ ಮಕ್ಕಳಿಗೂ ನಡುನಡುವೆ ಕನ್ನಡ ಬೇಕಾಗುತ್ತದೆ.

ಮದುವೆ, ಮಗು ಅಂತ ಏಳು ವರ್ಷ ಗ್ಯಾಪ್ ಆಗಿದೆ. ಏನು ಹೇಳಲಿ?

ಇದ್ದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಶಾಲೆಗೆ ಅನುಮಾನವಿರುವುದು ಬಿಡುವಿನ ಬಗ್ಗೆ ಅಲ್ಲ, ಈಗಿನ ಪಠ್ಯ ಗೊತ್ತಿದೆಯೇ ಎಂಬ ಬಗ್ಗೆ. ಈ ವರ್ಷದ ಪುಸ್ತಕ ನೋಡಿಕೊಂಡು ಹೋಗಿ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಮುಖ್ಯ ಪರೀಕ್ಷೆ ಬಂದಂಥ ಬದಲಾವಣೆಗಳು ಗೊತ್ತಿರಲಿ. ಆಮೇಲೆ ಬಿಡುವಿನ ಮಾತು ಬೆಳೆಯುವುದಿಲ್ಲ.

## ಡೆಮೊ, ಸಂಬಳ, ಕರಾರು

ಡೆಮೊ ಕ್ಲಾಸಲ್ಲಿ ಏನು ನೋಡ್ತಾರೆ? ಹದಿನೈದು ನಿಮಿಷದಲ್ಲಿ ಎಷ್ಟು ಪಾಠ ಮುಗಿಸಬೇಕು?

ಪಾಠ ಮುಗಿಸುವುದನ್ನು ಯಾರೂ ನೋಡುವುದಿಲ್ಲ. ಒಂದೇ ಒಂದು ಪರಿಕಲ್ಪನೆ ಸಾಕು. ಹೆಚ್ಚಿನವರು ಸೋಲುವುದು ಅಧ್ಯಾಯವನ್ನೆಲ್ಲ ತುಂಬಲು ಹೋಗಿ, ಮಕ್ಕಳಿಗೆ ಬೆನ್ನು ಹಾಕಿ ಬೋರ್ಡು ತುಂಬಿಸಿ.

ಆರನೇ ತರಗತಿಗೆ ಭಿನ್ನರಾಶಿಯ ಸಂಕಲನ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಂದೇ ಅಳತೆಯ ಎರಡು ಕಾಗದದ ಪಟ್ಟಿ ತೆಗೆದುಕೊಂಡು ಹೋಗಿ. ಒಂದನ್ನು ಎರಡು ಸಮಭಾಗ, ಇನ್ನೊಂದನ್ನು ಮೂರು ಸಮಭಾಗ ಮಡಿಸಿ. 1/2 + 1/3 ಎಷ್ಟು ಎಂದು ಕೇಳಿ. ಯಾರಾದರೂ 2/5 ಎಂದೇ ಅನ್ನುತ್ತಾರೆ. ತಪ್ಪು ಎನ್ನಬೇಡಿ. ಅದನ್ನೇ ಬೋರ್ಡಿನ ಮೇಲೆ ಬರೆದು, '2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?' ಎಂದು ಕೇಳಿ. ಚಿಕ್ಕದು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ? ಈ ಪ್ರಶ್ನೆ ತರಗತಿಯಲ್ಲಿ ಒಂದು ನಿಮಿಷ ನಿಲ್ಲಲಿ. ಆಮೇಲೆ ಅರ್ಧದ ಪಟ್ಟಿಯನ್ನು ಮತ್ತೆ ಮೂರು ಮಡಿಕೆ, ಮೂರರ ಪಟ್ಟಿಯನ್ನು ಮತ್ತೆ ಎರಡು ಮಡಿಕೆ ಮಾಡಿ ಬಿಚ್ಚಿ. ಎರಡರಲ್ಲೂ ಆರು ಭಾಗ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎರಡು, ಒಟ್ಟು 5/6. ಕೊನೆಯಲ್ಲಿ ಇಂಥದೇ ಒಂದು ಲೆಕ್ಕ ಕೊಟ್ಟು ಹಿಂದಿನ ಬೆಂಚಿನ ಮಗುವನ್ನು ಬೋರ್ಡಿಗೆ ಕರೆಯಿರಿ.

ಹಿಂದೆ ಕೂತ ಕೋ–ಆರ್ಡಿನೇಟರ್ ಗಮನಿಸುವುದು ಇಷ್ಟು: ತಪ್ಪು ಉತ್ತರವನ್ನು ಹೇಗೆ ತೆಗೆದುಕೊಂಡಿರಿ, ಎಷ್ಟು ಮಕ್ಕಳು ಬಾಯಿ ಬಿಟ್ಟರು, ದನಿ ಕೊನೆಯ ಸಾಲಿಗೆ ಮುಟ್ಟಿತೇ, ಗಲಾಟೆಯಾದಾಗ ಕೂಗದೆ ಸುಧಾರಿಸಿದಿರೇ. ಬದಲಿ ಶಿಕ್ಷಕರ ಮಟ್ಟಿಗೆ ಕೊನೆಯದಕ್ಕೇ ತೂಕ ಹೆಚ್ಚು.

ಸಂಬಳ ಎಷ್ಟು ಅಂತ ಒಪ್ಕೊಂಡ್ವಿ, ಆದ್ರೆ ದಸರಾ ರಜೆಗೆ ದುಡ್ಡು ಕೊಡಲ್ಲ ಅಂತಾರೆ. ಸರಿನಾ?

ಮೊದಲೇ ಮಾತಾಡಿ ಬರೆಸಿಕೊಳ್ಳದಿದ್ದರೆ ಹೀಗಾಗುತ್ತದೆ. ತಿಂಗಳಿಗೆ 24,000 ರೂ. ಎಂದರೆ 30 ದಿನದ ಲೆಕ್ಕದಲ್ಲಿ ದಿನಕ್ಕೆ 800. ದಸರಾಕ್ಕೆ 15 ದಿನ ರಜೆ ಬಂದು ಅದನ್ನು ಕಳೆದರೆ 12,000 ಹೋಯಿತು, ಅರ್ಧ ತಿಂಗಳ ದುಡಿಮೆ. ಒಪ್ಪುವ ಮೊದಲು ಕೇಳಬೇಕಾದವು: ದಸರಾ, ಕ್ರಿಸ್‌ಮಸ್ ರಜೆಗೆ ಸಂಬಳ ಉಂಟೇ? ಭಾನುವಾರ ಸೇರುತ್ತದೆಯೇ? ತಿಂಗಳಿಗೆ ಎಷ್ಟು ಸಾಂದರ್ಭಿಕ ರಜೆ? ಶುಕ್ರವಾರ, ಸೋಮವಾರ ಎರಡೂ ದಿನ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವನ್ನೂ ಕಳೆಯುತ್ತಾರೆಯೇ? ಸಂಬಳ ಯಾವ ತಾರೀಖಿಗೆ?

ಪೂರ್ತಿ ನೇಮಕಾತಿ ಪತ್ರ ಕೊಡದಿದ್ದರೂ ಇಮೇಲ್‌ನಲ್ಲಿ ಇಷ್ಟನ್ನು ಬರೆಸಿಕೊಳ್ಳಿ. ಅವರು ಕಳಿಸದಿದ್ದರೆ 'ಇವತ್ತು ಮಾತಾಡಿದ ಪ್ರಕಾರ' ಎಂದು ನೀವೇ ಬರೆದು ಕಳಿಸಿ, 'ಸರಿ' ಎಂಬ ಉತ್ತರ ಪಡೆಯಿರಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಶಾಲೆಯಲ್ಲೇ ಇಡಬೇಕಂತೆ. ಕೊಡಬಹುದಾ?

ಕೊಡಬೇಡಿ. ತೋರಿಸಿ, ಪರಿಶೀಲಿಸಿದ ಮೇಲೆ ವಾಪಸು ಪಡೆಯಿರಿ. 'ವರ್ಷದ ನಡುವೆ ಬಿಟ್ಟುಹೋಗದಿರಲಿ ಎಂದು' ಎನ್ನುತ್ತಾರೆ. ಆದರೆ ನೀವು ಬರುತ್ತಿರುವುದೇ ವರ್ಷದ ನಡುವೆ ಮುಗಿಯುವ ಕೆಲಸಕ್ಕೆ, ಆ ಕಾರಣ ನಿಮಗೆ ಅನ್ವಯಿಸುವುದಿಲ್ಲ. ಮೂಲ ದಾಖಲೆ ಅವರ ಬಳಿ ಸಿಕ್ಕಿಬಿದ್ದರೆ ನಡುವೆ ಬರುವ ಟಿಇಟಿ ಪರಿಶೀಲನೆ, ಕೆವಿ ವಾಕ್–ಇನ್ ಎಲ್ಲವೂ ಕೈತಪ್ಪುತ್ತವೆ. ತುಂಬಾ ಒತ್ತಾಯಿಸಿದರೆ ಆ ಶಾಲೆ ಬಿಡುವುದೇ ವಾಸಿ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದೂ ಬೇಡ.

ನೋಟಿಸ್ ಅವಧಿಯನ್ನೂ ಓದಿ ನೋಡಿ. ಕಾಯಂ ಶಿಕ್ಷಕರ ಕರಾರನ್ನೇ ನಕಲು ಮಾಡಿ ಮೂರು ತಿಂಗಳು ಎಂದು ಹಾಕಿರುತ್ತಾರೆ. ನಾಲ್ಕು ತಿಂಗಳ ಕೆಲಸಕ್ಕೆ 15 ದಿನ ಸಾಕು ಎಂದು ತಿದ್ದಿಸಿ.

## ಸೇರಿದ ಮೇಲೆ

ರಜೆ ಹೋಗೋ ಟೀಚರ್ ಹತ್ರ ಏನೇನು ಕೇಳಿಟ್ಕೊಳ್ಳಲಿ?

ಅವರು ಹೊರಡುವ ಮೊದಲು ಕನಿಷ್ಠ ಎರಡು ದಿನ ಜೊತೆಗಿರಲು ಅವಕಾಶ ಕೇಳಿ. ಪ್ರತಿ ಸೆಕ್ಷನ್ನಿಗೂ ಪೋರ್ಷನ್ ಎಲ್ಲಿಗೆ ಬಂದಿದೆ ಎಂದು ಬೇರೆ ಬೇರೆ ಬರೆದುಕೊಳ್ಳಿ, ಎ ಸೆಕ್ಷನ್ ಒಂದು ಅಧ್ಯಾಯ ಮುಂದೆ, ಸಿ ಸೆಕ್ಷನ್ ಹಿಂದೆ ಇರುವುದು ಮಾಮೂಲು. ಆಗಿರುವ ಪರೀಕ್ಷೆಗಳ ಅಂಕ ನಮೂದಾಗಿದೆಯೇ, ರಾಜ್ಯ ಪಠ್ಯಕ್ರಮವಾದರೆ ಯಾವ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಬಾಕಿ, ನೋಟ್‌ಬುಕ್ ಕರೆಕ್ಷನ್ ಯಾವ ತಾರೀಖಿನವರೆಗೆ ಆಗಿದೆ, ಅಂಕ ತುಂಬುವ ತಂತ್ರಾಂಶಕ್ಕೆ ನಿಮ್ಮದೇ ಲಾಗಿನ್ ಇದೆಯೇ. ಬೇರೆಯವರ ಲಾಗಿನ್ನಿನಲ್ಲಿ ಅಂಕ ತುಂಬಬೇಡಿ, ಹೆಚ್ಚುಕಮ್ಮಿ ಆದರೆ ಇಬ್ಬರಿಗೂ ತಾಪತ್ರಯ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ವಿಷಯ: ಯಾರಿಗೆ ಫಿಟ್ಸ್ ಬರುತ್ತದೆ, ಯಾರಿಗೆ ಓದುವುದು ತ್ರಾಸ, ಯಾರ ಮನೆಯಲ್ಲಿ ಈಚೆಗೆ ಸಾವಾಗಿದೆ. ಇದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ, ಬಾಯಿಮಾತಿನಲ್ಲೇ ತಿಳಿಯಬೇಕು.

ಮಕ್ಕಳು 'ನೀವು ಟೆಂಪರರಿ ಮಿಸ್ ಅಲ್ವಾ' ಅಂದ್ಕೊಂಡು ನನ್ನ ಮಾತೇ ಕೇಳಲ್ಲ. ಏನ್ಮಾಡೋದು?

ಹೆಸರಿನಿಂದ ಶುರುಮಾಡಿ. ಮೊದಲ ದಿನ ಕೂತ ಜಾಗದ ನಕ್ಷೆ ಬರೆದುಕೊಂಡು ಮೇಜಿನ ಮೇಲಿಡಿ, ಮೊದಲ ವಾರ ಜಾಗ ಬದಲಿಸಲು ಬಿಡಬೇಡಿ. 'ಏಯ್ ಹಿಂದಿನ ಬೆಂಚು' ಎನ್ನುವುದಕ್ಕೂ ಹೆಸರು ಹಿಡಿದು ಕರೆಯುವುದಕ್ಕೂ ತುಂಬಾ ವ್ಯತ್ಯಾಸ. ಹಳೆಯ ಟೀಚರ್ ಇಟ್ಟಿದ್ದ ನಿಯಮಗಳನ್ನು ಹಾಗೇ ಮುಂದುವರಿಸಿ. ಮೊದಲ ನೋಟ್‌ಬುಕ್ ಕರೆಕ್ಷನ್ ಮೂರು ದಿನದಲ್ಲಿ ಮುಗಿಸಿ, ಪ್ರತಿಯೊಂದರಲ್ಲೂ ಆ ಮಗುವಿಗೆ ಮಾತ್ರ ಸಲ್ಲುವ ಒಂದು ಸಾಲು ಬರೆಯಿರಿ. ಎಷ್ಟೇ ಸಿಟ್ಟು ಬಂದರೂ ಕೈ ಎತ್ತಬೇಡಿ, ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ.

ಮಗುವೊಂದು ಲೈಂಗಿಕ ಕಿರುಕುಳದ ಸುಳಿವು ಕೊಟ್ಟರೆ 'ನಾನು ತಾತ್ಕಾಲಿಕ, ನನಗೇಕೆ' ಎನ್ನುವ ಹಾಗಿಲ್ಲ. ಪೋಕ್ಸೊ ಕಾಯ್ದೆಯಲ್ಲಿ ತಿಳಿದವರೆಲ್ಲರಿಗೂ ವರದಿ ಮಾಡುವ ಹೊಣೆಯಿದೆ. ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ರ ನೆರವೂ ಪಡೆಯಬಹುದು.

ಪಿಎಫ್ ಬದಲು ಹತ್ತು ಪರ್ಸೆಂಟ್ ಟಿಡಿಎಸ್ ಹಿಡಿದಿದ್ದಾರೆ. ಆ ದುಡ್ಡು ಹೋಯ್ತಾ?

ಹೋಗಿಲ್ಲ. ಟಿಡಿಎಸ್ ಎಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ. ನಿಮ್ಮನ್ನು ನೌಕರರೆಂದು ತೋರಿಸದೆ ವೃತ್ತಿಪರ ಶುಲ್ಕ ಎಂದು ಪಾವತಿಸಿದಾಗ ಹೀಗೆ ಕಡಿತವಾಗುತ್ತದೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ಮುಂದಿನ ಜುಲೈ ಹೊತ್ತಿಗೆ ರಿಟರ್ನ್ಸ್ ಸಲ್ಲಿಸಿ ವಾಪಸು ಪಡೆಯಬಹುದು. ಕಡಿತ ನಿಮ್ಮ ಪ್ಯಾನಿಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್ಲಿನಲ್ಲಿ ನೋಡಿಕೊಳ್ಳಿ. ಪಿಎಫ್ ಹಿಡಿಯುವ ಶಾಲೆಯಾದರೆ ಹಿಂದಿನ ಶಾಲೆಯಲ್ಲಿದ್ದ ಯುಎಎನ್, ಅಂದರೆ ಪಿಎಫ್‌ನ ಕಾಯಂ ಸಂಖ್ಯೆಯನ್ನೇ ಕೊಡಿ, ಹೊಸದು ಮಾಡಿಸಿದರೆ ಆಮೇಲೆ ಎರಡನ್ನೂ ಸೇರಿಸಲು ಓಡಾಡಬೇಕು.

ಸಂಜೆ ಟ್ಯೂಷನ್ ಮಾಡ್ಕೋಬಹುದಾ?

ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವುದನ್ನು ನಿಷೇಧಿಸುತ್ತದೆ. ಶಾಲೆಯ ಕೆಲಸದಲ್ಲಿರುವವರೆಗೆ ಬೇಡ. ಒಂದು ಬದಲಿ ಕೆಲಸ ಮುಗಿದು ಇನ್ನೊಂದು ಸಿಗುವ ನಡುವಿನ ಬಿಡುವಿನಲ್ಲಿ ಮಾಡಿಕೊಳ್ಳಬಹುದು.

ಅತಿಥಿ ಶಿಕ್ಷಕಿಯಾಗಿ ಮೂರು ವರ್ಷ ಮಾಡಿದ್ರೆ ಪರ್ಮನೆಂಟ್ ಮಾಡ್ತಾರಾ?

ಮಾಡುವುದಿಲ್ಲ. ತಾತ್ಕಾಲಿಕವಾಗಿ ದುಡಿದದ್ದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದು 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಕರ್ನಾಟಕದ್ದೇ ಪ್ರಕರಣ, ಉಮಾದೇವಿ ಪ್ರಕರಣವೆಂದು ಹೆಸರಾಗಿದೆ. ಸರ್ಕಾರಿ ಹುದ್ದೆಗೆ ನೇಮಕಾತಿ ಪರೀಕ್ಷೆಯೇ ದಾರಿ. ಖಾಸಗಿ ಶಾಲೆಯ ಮಾತು ಬೇರೆ, ಅಲ್ಲಿ ಬದಲಿಗೆ ಬಂದು ಉಳಿದವರು ಬಹಳ ಮಂದಿ. ಮುಂದಿನ ವರ್ಷದ ಹುದ್ದೆಗಳ ಲೆಕ್ಕಾಚಾರ ಜನವರಿ, ಫೆಬ್ರುವರಿಯಲ್ಲೇ ನಡೆಯುತ್ತದೆ, ಆಗಲೇ ಕೋ–ಆರ್ಡಿನೇಟರ್ ಬಳಿ ಬಾಯಿಬಿಟ್ಟು ಕೇಳಿ. ಮಾರ್ಚ್ ಕೊನೆಗೆ ಕೇಳಿದರೆ ಪಟ್ಟಿ ಆಗಿಹೋಗಿರುತ್ತದೆ.

ಮೂರೂವರೆ ತಿಂಗಳಿಗೂ ಅನುಭವ ಪ್ರಮಾಣಪತ್ರ ಕೊಡ್ತಾರಾ?

ಕೊಡಬೇಕು, ನೀವೂ ಬಿಡದೆ ಕೇಳಿ. ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಲಿಖಿತ ಮನವಿ ಕೊಡಿ, ಹೊರಟ ಮೇಲೆ ಕೇಳಿದರೆ ಇವತ್ತು ನಾಳೆ ಎಂದು ಅಲೆಸುತ್ತಾರೆ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಸೇರಿದ ಮತ್ತು ಬಿಟ್ಟ ತಾರೀಖು, ತರಗತಿ, ವಿಷಯ, ಪೂರ್ಣಾವಧಿಯೋ ಅರೆಕಾಲಿಕವೋ, ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ಶಾಲೆಯ ಗುರುತಿನ ಸಂಖ್ಯೆ), ಮುಖ್ಯಸ್ಥರ ಸಹಿ, ಮೊಹರು ಇರಲಿ. 'ಕೆಲವು ಕಾಲ ಸೇವೆ ಸಲ್ಲಿಸಿದ್ದಾರೆ' ಎಂಬ ವಾಕ್ಯಕ್ಕೆ ಬೆಲೆಯಿಲ್ಲ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಬಿಇಒ ಮೇಲುರುಜು ಕೂಡ ಹಾಕಿಸಿಡಿ, ಮುಂದೆ ಅರ್ಜಿ ಹಾಕುವಾಗ ಕೇಳುವುದುಂಟು. ಶಾಲೆಗೆ ಮಾನ್ಯತೆಯೇ ಇಲ್ಲದಿದ್ದರೆ ಈ ಕಾಗದ ಎಲ್ಲೂ ನಡೆಯುವುದಿಲ್ಲ, ಆದ್ದರಿಂದ ಯುಡೈಸ್ ಸಂಖ್ಯೆಯನ್ನು ಸೇರುವ ಮೊದಲೇ ಕೇಳಿ, ಯುಡೈಸ್ ಪೋರ್ಟಲ್ಲಿನಲ್ಲಿ ಶಾಲೆಯ ಹೆಸರು ಬರುತ್ತದೆಯೇ ನೋಡಿಕೊಳ್ಳಿ.